ಅಡಕಲೂ ಗಡಿಯಾರವೂ

ಮೈಸೂರು ನಗರದ ಕುಂಬಾರಕೊಪ್ಪಲು ಒಂದು ಕಸುಬಿನ ಸ್ಮರಣೆಯನ್ನು ತನ್ನ ಹೆಸರಿನಲ್ಲಿಯೇ ಉಳಿಸಿಕೊಂಡಿದೆ. ಕೊಪ್ಪಲೆಂದರೆ ಸಣ್ಣ ಊರು. ಕುಂಬಾರರ ಊರೆಂದು ಪದದ ಅರ್ಥ. ಗೃಹವ್ಯವಸ್ಥೆಯನ್ನೂ ಕಾಲದ ಸದ್ವಿನಿಯೋಗವನ್ನೂ ಕುರಿತು ವಿಚಾರಮಾಡುವವರು ಈ ಕಸುಬಿನಿಂದ ತೊಡಗುವುದು ಉಚಿತವೇ ಆಗಿದೆ. ಏಕೆಂದರೆ ಬೀರು ಡಬ್ಬಿಗಳು ಬಳಕೆಗೆ ಬರುವ ಮೊದಲು ನಮ್ಮ ಅಡಿಗೆಮನೆಗಳ ಅಚ್ಚುಕಟ್ಟನ್ನು ಕಾಪಾಡಿದುದು ಮಣ್ಣಿನ ಪಾತ್ರೆ.

ರಾಗಿ ಭತ್ತಗಳಿಗೆ ದೊಡ್ಡ ವಾಡೆ. ಬೇಳೆ, ಹುಣಿಸೆ, ಮೆಣಸಿನಕಾಯಿಗಳಿಗೆ ಗೋಡೆಯ ಬದಿಯ ಅಡಕಲು. ದೊಡ್ಡ ಗಡಿಗೆಯ ಮೇಲೆ ಕ್ರಮವಾಗಿ ಚಿಕ್ಕವನ್ನು ಏರಿಸಿದ ಸಾಲೇ ಅಡಕಲು. ತಳದ ಗಡಿಗೆಗೆ ಕೈಹಾಕಬೇಕಾದರೆ ಮೇಲಿನವನ್ನೆಲ್ಲ ಇಳಿಸಬೇಕು. ಆದುದರಿಂದ ಯಾವುದು ನಿತ್ಯಕ್ಕೆ, ಯಾವುದು ಹಬ್ಬಕ್ಕೆ ಎಂದು ಮೊದಲೇ ಯೋಚಿಸದೆ ಅಡಕಲನ್ನು ಜೋಡಿಸುವಂತಿರಲಿಲ್ಲ. ವಸ್ತುವಿಗೆ ಸ್ಥಾನವನ್ನು ಗೊತ್ತುಮಾಡುವುದೆಂದರೆ ಹೊತ್ತನ್ನು ಉಳಿಸುವುದೆಂಬ ತತ್ತ್ವವು ಇದರಲ್ಲಿ ಅಡಗಿದೆ.

ಹೊತ್ತಿಗೂ ಅಳತೆಯಿತ್ತು. ಹಗಲಿರುಳು ಕೂಡಿ 60 ಗಳಿಗೆ. ಗಳಿಗೆಯೊಂದಕ್ಕೆ 24 ನಿಮಿಷ. ಏಳೂವರೆ ಗಳಿಗೆ ಸೇರಿ ಒಂದು ಜಾವ. ಆದರೆ ಕೆಲಸದ ಓಟವನ್ನು ಗೊತ್ತುಮಾಡುತ್ತಿದ್ದುದು ಕೆಲಸದ ಹದವೇ. ಒಣಗದ ಮಡಕೆಯನ್ನು ಆವಿಗೆಗೆ ಇಟ್ಟರೆ ಒಡೆಯುವುದು, ಕುಂಬಾರನು ಆತುರಪಡುವಂತಿಲ್ಲ. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂಬ ಗಾದೆಯು ಕಟ್ಟುವುದಕ್ಕೆ ಬಹುಕಾಲ ಬೇಕು, ಕೆಡಿಸುವುದಕ್ಕೆ ಕ್ಷಣ ಸಾಕು ಎಂಬುದನ್ನೇ ಸಾರುತ್ತದೆ.

ಬಳಿಕ ಬೇರೊಂದು ಅಳತೆ ನಗರವನ್ನು ಹೊಕ್ಕಿತು. 1886ರಲ್ಲಿ ಚಿಕ್ಕ ಗಡಿಯಾರವೆಂದು ಹೆಸರಾದ ಡಫರಿನ್ ಗೋಪುರವು ಎದ್ದಿತು. 1906ರ ಜನವರಿ 1ರಿಂದ ಭಾರತದ ನಿಯತಕಾಲವು ಆಚರಣೆಗೆ ಬಂದಿತು. 1908ರಲ್ಲಿ ಮೈಸೂರಿಗೆ ವಿದ್ಯುದ್ದೀಪ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ನೆನಪಿಗೆ 1927ರಲ್ಲಿ ದೊಡ್ಡ ಗಡಿಯಾರವು ನಿಂತಿತು. ಅದರ ಮುಖದ ಮೇಲಿರುವುದು ಕನ್ನಡದ ಅಂಕಿಗಳು. ಕಚೇರಿ, ಪಾಠಶಾಲೆ, ರೈಲುಗಳು ಗಂಟೆಗೆ ಕಟ್ಟುಬಿದ್ದವು.

ಇಲ್ಲಿ ವಾಚಕರು ಯೋಚಿಸತಕ್ಕ ವಿಷಯವೊಂದುಂಟು. ಗಂಟೆಗೆ ಸರಿಯಾಗಿ ಹೊರಡುವವರಿಗಾಗಿ ಅದಕ್ಕೂ ಮುಂಚೆ ಒಲೆ ಹೊತ್ತಿಸಿದವರಾರು? ದೀಪವು ಸಂಜೆಯನ್ನು ದೀರ್ಘಮಾಡಿದಾಗ ಒಬ್ಬರಿಗೆ ಓದುವ ಬಿಡುವು ದೊರೆತರೆ, ಮತ್ತೊಬ್ಬರಿಗೆ ಪಾತ್ರೆ ತೊಳೆಯುವ ಹೊತ್ತು ಬೆಳೆಯಿತು. ಗೋಪುರದ ಗಡಿಯಾರವು ಎಲ್ಲರಿಗೂ ಒಂದೇ ಗಂಟೆಯನ್ನು ಹೊಡೆದರೂ ಮನೆಯೊಳಗೆ ಬಿಡುವು ಸಮನಾಗಿ ಹಂಚಿಹೋಗಲಿಲ್ಲ.

ಆದಕಾರಣ, ವ್ಯವಸ್ಥೆಯೆಂಬುದು ಗೃಹಿಣಿಯೊಬ್ಬಳ ಜಾಣ್ಮೆಯಾಗಿಯೇ ಉಳಿಯಬಾರದು. ಯಾವ ವಸ್ತು ಎಲ್ಲಿದೆಯೆಂದು ಮನೆಮಂದಿಯೆಲ್ಲರೂ ತಿಳಿದು, ತೆಗೆದುದನ್ನು ತೆಗೆದವರೇ ಸ್ಥಾನಕ್ಕೆ ಸೇರಿಸುವುದು ಮೊದಲ ಮೆಟ್ಟಿಲು. ಅಡಕಲನ್ನು ಜೋಡಿಸಿದವಳಿಗೂ ಉಳಿದ ಗಳಿಗೆಯಲ್ಲಿ ಪಾಲು ದೊರೆತಾಗಲೇ ಅದು ಗೃಹವ್ಯವಸ್ಥೆಯೆನಿಸುವುದು.