ಮೂಳೆಗೆ ಹರಡಿದ ಸ್ತನ ಕ್ಯಾನ್ಸರ್: ನೋವುಶಮನದ ವಿಕಿರಣ ಚಿಕಿತ್ಸೆಯ ಇತಿಹಾಸ

ಸ್ತನ ಕ್ಯಾನ್ಸರ್ ಮೂಳೆಗಳಿಗೆ ಹರಡಿದಾಗ ಕಾಡುವ ನೋವನ್ನು ತಗ್ಗಿಸಲು, ನೋಯುವ ಭಾಗಕ್ಕೆ ಮಾತ್ರ ವಿಕಿರಣ ಹಾಯಿಸುವ ಚಿಕಿತ್ಸೆ. ರೋಗವನ್ನು ನಿರ್ಮೂಲ ಮಾಡುವುದು ಇದರ ಉದ್ದೇಶವಲ್ಲ. ರೋಗಿ ನೋವಿಲ್ಲದೆ ಮಲಗಿ ಎದ್ದು ಓಡಾಡುವಂತಾಗುವುದೇ ಗುರಿ. ಒಂದು ಶತಮಾನದಲ್ಲಿ ಈ ಚಿಕಿತ್ಸೆ ವಾರಗಟ್ಟಲೆಯ ಕಂತುಗಳಿಂದ ಒಂದೇ ದಿನದ ಕಂತಿಗೆ ಇಳಿಯಿತು. ಯಂತ್ರಗಳು ಸುಧಾರಿಸಿದ್ದು ಇದಕ್ಕೆ ಎಷ್ಟು ಕಾರಣವೋ, ನೋವನ್ನು ಅಳೆಯುವ ಕ್ರಮ ಬದಲಾದದ್ದೂ ಅಷ್ಟೇ ಕಾರಣ.

ಹಿನ್ನೆಲೆ

ಬ್ರಿಟನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ರೋಗ ಎಲ್ಲೆಂದರಲ್ಲಿ ಹರಡುವುದಿಲ್ಲ, ಕೆಲವು ಅಂಗಗಳಲ್ಲಿ ಹೆಚ್ಚಾಗಿ ನೆಲೆಯೂರುತ್ತದೆ ಎಂದು ತೋರಿಸಿದ. ಬೀಜ ಎಲ್ಲ ಕಡೆ ಚೆಲ್ಲಿದರೂ ಹದವಾದ ಮಣ್ಣಿನಲ್ಲಷ್ಟೇ ಮೊಳೆಯುತ್ತದೆ ಎಂಬ ಅವನ ಹೋಲಿಕೆ ಇಂದಿಗೂ ಬಳಕೆಯಲ್ಲಿದೆ. ಬೆನ್ನುಮೂಳೆ, ಸೊಂಟ, ಪಕ್ಕೆಲುಬು ಮತ್ತು ತೊಡೆಮೂಳೆಯ ಮೇಲ್ಭಾಗಗಳಲ್ಲಿ ಈ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಗಳ ಪ್ರಚೋದನೆಯಿಂದ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳು ಮಿತಿಮೀರಿ ಕೆಲಸ ಮಾಡುತ್ತವೆ. ಮೂಳೆ ಸವೆಯುತ್ತದೆ, ನೋಯುತ್ತದೆ, ಕೆಲವೊಮ್ಮೆ ಮುರಿಯುತ್ತದೆ.

ಯಂತ್ರಗಳ ಕಾಲ

ರಾಂಟ್‌ಜೆನ್ 1895ರಲ್ಲಿ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಅವುಗಳನ್ನು ಕ್ಯಾನ್ಸರಿಗೆ ಬಳಸುವ ಪ್ರಯತ್ನ ಶುರುವಾಯಿತು. ಆದರೆ ಆಗಿನ ದುರ್ಬಲ ಕಿರಣಗಳು ಬಹುಪಾಲು ಚರ್ಮದಲ್ಲೇ ಉಳಿದು ಅದನ್ನು ಸುಡುತ್ತಿದ್ದವು. ಆಳದ ಮೂಳೆಗೆ ತಲುಪುತ್ತಿದ್ದದ್ದು ಅಲ್ಪ. 1951ರಲ್ಲಿ ಕೆನಡಾದ ಲಂಡನ್ ಮತ್ತು ಸಸ್ಕಟೂನ್ ನಗರಗಳಲ್ಲಿ, ಆಳಕ್ಕೆ ತೂರುವ ಕಿರಣಗಳನ್ನು ಸೂಸುವ ಕೋಬಾಲ್ಟ್-60 ಯಂತ್ರಗಳು ಬಂದ ಮೇಲೆ ಈ ತೊಡಕು ಬಹಳಮಟ್ಟಿಗೆ ನೀಗಿತು. 1953ರಲ್ಲಿ ಇಂಗ್ಲೆಂಡಿನ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಲೀನಿಯರ್ ಆಕ್ಸಿಲರೇಟರ್ ಚಿಕಿತ್ಸೆಗೆ ಬಳಕೆಯಾಯಿತು. ಹಲವು ಮೂಳೆಗಳು ಒಟ್ಟಿಗೆ ನೋಯುವವರಿಗಾಗಿ ಬೇರೆ ದಾರಿಯೂ ತೆರೆಯಿತು: ಅಮೆರಿಕದ ಬರ್ಕ್ಲಿಯ ಸಂಶೋಧಕ ಚಾರ್ಲ್ಸ್ ಪೆಶರ್ 1940ರ ದಶಕದ ಆರಂಭದಲ್ಲೇ ರಕ್ತನಾಳದ ಮೂಲಕ ವಿಕಿರಣ ಸೂಸುವ ಸ್ಟ್ರಾನ್ಷಿಯಂ-89 ಕೊಟ್ಟು ನೋಡಿದ್ದ.

ಎಷ್ಟು ಕಂತು?

ನೋವು ತಗ್ಗುತ್ತದೆ ಎಂಬುದು ಸ್ಪಷ್ಟವಾಗಿತ್ತು. ಎಷ್ಟು ವಿಕಿರಣ ಸಾಕು ಎಂಬುದು ಸ್ಪಷ್ಟವಾಗಿರಲಿಲ್ಲ. ಅಮೆರಿಕದ ಆರ್‌ಟಿಒಜಿ ಎಂಬ ವಿಕಿರಣ ಚಿಕಿತ್ಸಾ ಸಂಶೋಧಕರ ಗುಂಪು 1974ರಲ್ಲಿ ಆರಂಭಿಸಿದ ಪ್ರಯೋಗ 1982ರಲ್ಲಿ ಪ್ರಕಟವಾದಾಗ, ಕಡಿಮೆ ಕಂತುಗಳೂ ಹೆಚ್ಚು ಕಂತುಗಳಷ್ಟೇ ಫಲ ಕೊಡುತ್ತವೆ ಎಂದಿತು. 1985ರಲ್ಲಿ ಅದೇ ಅಂಕಿಅಂಶಗಳಿಗೆ ನೋವುಮಾತ್ರೆಯ ಬಳಕೆ ಮತ್ತು ಮರುಚಿಕಿತ್ಸೆಯ ಲೆಕ್ಕ ಸೇರಿಸಿ ಮತ್ತೆ ವಿಶ್ಲೇಷಿಸಿದಾಗ ಹೆಚ್ಚು ಕಂತುಗಳೇ ಮೇಲು ಎಂಬ ಉತ್ತರ ಬಂತು. ಅಳತೆಗೋಲು ಬದಲಾದರೆ ಉತ್ತರವೂ ಬದಲಾಗುತ್ತದೆ ಎಂಬುದು ಬಯಲಾಯಿತು.

ಮುಂದಿನ ಪ್ರಯೋಗಗಳು ರೋಗಿಯ ಮಾತನ್ನೇ ಅಳತೆಯಾಗಿ ಹಿಡಿದವು. 1986ರಲ್ಲಿ ಪ್ರಕಟವಾದ, ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯ ಪ್ರಯೋಗದಲ್ಲಿ 288 ರೋಗಿಗಳು ಮನೆಯಲ್ಲೇ ದಿನವೂ ನೋವಿನ ಪ್ರಶ್ನಾವಳಿ ತುಂಬಿದರು. 8 ಗ್ರೇಯ (ಗ್ರೇ ವಿಕಿರಣ ಪ್ರಮಾಣದ ಮಾನ) ಒಂದೇ ಕಂತಿಗೂ 30 ಗ್ರೇಯ ಹತ್ತು ಕಂತುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಪ್ರಮಾಣವನ್ನು ಇನ್ನೂ ಇಳಿಸುವಂತಿರಲಿಲ್ಲ: 1992ರ ಪ್ರಯೋಗದಲ್ಲಿ ನಾಲ್ಕು ವಾರಗಳ ಬಳಿಕ 8 ಗ್ರೇ ಪಡೆದವರಲ್ಲಿ ಶೇ 69 ಮಂದಿಗೆ ಉಪಶಮನ ಸಿಕ್ಕರೆ, 4 ಗ್ರೇ ಪಡೆದವರಲ್ಲಿ ಶೇ 44 ಮಂದಿಗೆ ಮಾತ್ರ.

1999ರ ಡಚ್ ಅಧ್ಯಯನದ 1,171 ರೋಗಿಗಳಲ್ಲಿ ಸುಮಾರು ಶೇ 39 ಮಂದಿ ಸ್ತನ ಕ್ಯಾನ್ಸರಿನವರು. ರೋಗಿಗಳೆಲ್ಲ ಅಂಚೆಯಲ್ಲಿ ಕಳುಹಿಸಿದ ಉತ್ತರಗಳ ಪ್ರಕಾರ ಒಟ್ಟು ಶೇ 71 ಮಂದಿಗೆ ನೋವು ತಗ್ಗಿತ್ತು. ಒಂದು ಕಂತು ಪಡೆದವರಿಗೂ ಆರು ಕಂತು ಪಡೆದವರಿಗೂ ಅಂತರವಿರಲಿಲ್ಲ. ಮರುಚಿಕಿತ್ಸೆ ಮಾತ್ರ ಒಂದು ಕಂತಿನವರಲ್ಲಿ ಶೇ 25, ಉಳಿದವರಲ್ಲಿ ಶೇ 7. ಒಂದು ಕಂತು ಪಡೆದವರಿಗೆ ಮತ್ತೆ ವಿಕಿರಣ ಕೊಡಲು ವೈದ್ಯರು ಹಿಂಜರಿಯದೆ ಇದ್ದದ್ದು ಇದಕ್ಕೆ ಭಾಗಶಃ ಕಾರಣವೆಂದು ನಂತರದ ವಿಶ್ಲೇಷಣೆ ಹೇಳಿತು. ಮೂಳೆಗೆ ಹರಡಿದ ಮೇಲೂ ಸ್ತನ ಕ್ಯಾನ್ಸರ್ ರೋಗಿಗಳು ಹಲವು ವರ್ಷ ಬದುಕುವುದುಂಟು. ಆದ್ದರಿಂದ ಅವರಿಗೆ ಮರುಚಿಕಿತ್ಸೆಯ ಪ್ರಶ್ನೆ ಮುಖ್ಯ. 2014ರ ಅಂತರರಾಷ್ಟ್ರೀಯ ಪ್ರಯೋಗವೊಂದು ಮರುಚಿಕಿತ್ಸೆಗೂ 8 ಗ್ರೇಯ ಒಂದು ಕಂತನ್ನು ಪರೀಕ್ಷಿಸಿತು.

ಕೆಲಸ ಮಾಡುವ ಬಗೆ

ಗೆಡ್ಡೆ ಕುಗ್ಗುವ ಮೊದಲೇ, ಎಷ್ಟೋ ಸಲ ಒಂದೆರಡು ವಾರಗಳಲ್ಲೇ, ನೋವು ಇಳಿಯತೊಡಗುತ್ತದೆ. ಉರಿಯೂತದ ರಾಸಾಯನಿಕಗಳೂ ಆಸ್ಟಿಯೋಕ್ಲಾಸ್ಟ್‌ಗಳ ಚಟುವಟಿಕೆಯೂ ತಗ್ಗುವುದೇ ಇದಕ್ಕೆ ಕಾರಣ ಎನ್ನಲಾಗುತ್ತದೆ. ಮೂಳೆ ಮತ್ತೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೊದಲ ಕೆಲವು ದಿನ ನೋವು ಉಲ್ಬಣಿಸುವುದೂ ಉಂಟು. ಉರಿಯೂತ ತಗ್ಗಿಸುವ ಡೆಕ್ಸಾಮೆಥಸೋನ್ ಮಾತ್ರೆ ಅದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆಂದು 2015ರಲ್ಲಿ ಕೆನಡಾದ ಅಧ್ಯಯನ ತೋರಿಸಿತು.

ಇಂದಿನ ಸ್ಥಿತಿ

ಅಮೆರಿಕದ ವಿಕಿರಣ ಚಿಕಿತ್ಸಾ ತಜ್ಞರ ಸಂಘ ಆಸ್ಟ್ರೋ 2011ರ ಮಾರ್ಗಸೂಚಿಯಲ್ಲಿ ಒಂದು ಕಂತಿನ ಚಿಕಿತ್ಸೆಯನ್ನು ಒಪ್ಪಿತು. ಆದರೂ ದೀರ್ಘ ಕಂತುಗಳ ರೂಢಿ ಬೇಗ ಹೋಗಲಿಲ್ಲ. ಹತ್ತಕ್ಕಿಂತ ಹೆಚ್ಚು ಕಂತುಗಳನ್ನು ವಾಡಿಕೆಯಾಗಿ ಕೊಡಬೇಡಿ ಎಂದು 2013ರಲ್ಲಿ ಸಂಘವೇ ಹೇಳಬೇಕಾಯಿತು. ಬೆನ್ನುಮೂಳೆಗೆ ಅತಿನಿಖರವಾಗಿ ಹೆಚ್ಚು ಪ್ರಮಾಣ ಕೊಡುವ ಸ್ಟೀರಿಯೋಟ್ಯಾಕ್ಟಿಕ್ ವಿಧಾನದಲ್ಲಿ ಮೂರು ತಿಂಗಳಿಗೆ ಪೂರ್ಣ ಉಪಶಮನ ಪಡೆದವರು ಶೇ 35, ಸಾಮಾನ್ಯ ವಿಧಾನದಲ್ಲಿ ಶೇ 14 ಎಂದು 2021ರ ಪ್ರಯೋಗ ವರದಿ ಮಾಡಿತು. ಮುರಿಯುವಂತಿರುವ ಮೂಳೆಗೆ ಶಸ್ತ್ರಚಿಕಿತ್ಸೆ, ಮೂಳೆ ಸವೆತ ತಡೆಯಲು ಜೊಲೆಡ್ರಾನಿಕ್ ಆಮ್ಲ ಅಥವಾ ಡೆನೊಸುಮ್ಯಾಬ್ ಚುಚ್ಚುಮದ್ದು ವಿಕಿರಣ ಚಿಕಿತ್ಸೆಯ ಜೊತೆಗಿನ ಕ್ರಮಗಳು.

ಭಾರತದಲ್ಲಿ ಕೋಬಾಲ್ಟ್ ಚಿಕಿತ್ಸೆ 1950ರ ದಶಕದಲ್ಲಿ ಮದ್ರಾಸಿನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಗೆ ಬಂತು. ಕರ್ನಾಟಕದಲ್ಲಿ 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಸ್ಥಾಪನೆಯಾಯಿತು. ದೂರದ ಜಿಲ್ಲೆಗಳಿಂದ ಬರುವವರಿಗೆ ಒಂದು ಕಂತಿನ ಚಿಕಿತ್ಸೆಯೆಂದರೆ ಪ್ರಯಾಣ, ವಸತಿ, ಜೊತೆಗೆ ಬಂದವರ ಕೂಲಿನಷ್ಟ ಎಲ್ಲವೂ ಕಡಿಮೆ; ಯಂತ್ರದ ಮುಂದಿನ ಸರತಿಯೂ ಅಷ್ಟೇ ಬೇಗ ಕರಗುತ್ತದೆ.