ಪನೋರಮಾ

ಗ್ರೀಕ್‌ನಲ್ಲಿ ‘ಪಾನ್’ ಎಂದರೆ ಎಲ್ಲ, ‘ಹೊರಾಮ’ ಎಂದರೆ ನೋಟ. ಬೇರು ಹಳೆಯದಾದರೂ ಪನೋರಮಾ ಹಳೆಯ ಪದವಲ್ಲ. 1790ರ ದಶಕದ ಆರಂಭದಲ್ಲಿ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರನ ಸುತ್ತುಚಿತ್ರಗಳಿಗಾಗಿ ಕಟ್ಟಿದ್ದು. ಥೇಮ್ಸ್ ದಂಡೆಯ ಆಲ್ಬಿಯನ್ ಮಿಲ್ಸ್ ಎಂಬ ಹಿಟ್ಟಿನ ಗಿರಣಿಯ ಚಾವಣಿಯಿಂದ ಕಂಡ ನದಿ, ಸೇತುವೆ, ಚರ್ಚ್ ಗೋಪುರಗಳನ್ನು ಅವನು ಲಂಡನ್ನಿಗರಿಗೆ ತೋರಿಸಿದ. ಅದರ ಅಚ್ಚುಪ್ರತಿ ಆರು ಹಾಳೆಗಳಲ್ಲಿ ಬಂತು. ಪಕ್ಕಪಕ್ಕ ಜೋಡಿಸಿದರೆ ಮಾತ್ರ ಪೂರ್ಣ ನೋಟ.

1799ರ ಶ್ರೀರಂಗಪಟ್ಟಣದ ಪತನವೂ ಮರುವರ್ಷವೇ ಲಂಡನ್ನಿನಲ್ಲಿ ಭಾರಿ ಪನೋರಮಾ ಆಯಿತು. ಬರೆದವನು ಭಾರತವನ್ನೇ ಕಂಡಿರದ ಯುವಕ ರಾಬರ್ಟ್ ಕೆರ್ ಪೋರ್ಟರ್. ‘ಎಲ್ಲವನ್ನೂ ಕಾಣುವ’ ಆ ಚಿತ್ರದಲ್ಲಿದ್ದದ್ದು ಗೆದ್ದವರ ಕಣ್ಣು ಮಾತ್ರ ಎಂಬುದನ್ನು ನಾವು ಮರೆಯಬಾರದು.

ಈಗ ಪದ ಮೊಬೈಲ್ ಕ್ಯಾಮೆರಾದೊಳಗೆ ಸೇರಿದೆ. ಬಿಡಿ ಫೋಟೊಗಳನ್ನು ಕೂಡಿಸುವುದಕ್ಕೆ ಛಾಯಾಗ್ರಾಹಕರು ‘ಸ್ಟಿಚ್’ ಎನ್ನುತ್ತಾರೆ. ಹೊಲಿಗೆ ಎಂದರೂ ಚೆನ್ನ. ಟ್ರೈಪಾಡ್ ಇಲ್ಲದೆ ನದಿಯಂಚಿನಲ್ಲಿ ತೆಗೆಯುವಾಗ ಕ್ಯಾಮೆರಾವನ್ನು ಅಡ್ಡಲಾಗಿ ಅಲ್ಲ, ಉದ್ದಕ್ಕೆ ನಿಲ್ಲಿಸಿ ಹಿಡಿದು, ಪ್ರತಿ ಚಿತ್ರದಲ್ಲೂ ಹಿಂದಿನದರ ಸುಮಾರು ಮೂರನೇ ಒಂದು ಭಾಗ ಬರುವಂತೆ ತಿರುಗಬೇಕು. ಎಕ್ಸ್‌ಪೋಷರ್ ಬದಲಾಗಕೂಡದು, ಬದಲಾದರೆ ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ಕೈಚಾಚಿ ತಿರುಗಿದರೆ ಕ್ಯಾಮೆರಾ ಜಾಗವೇ ಬದಲಾಗುತ್ತದೆ: ದೂರದ ದಡ ಸಲೀಸಾಗಿ ಕೂಡುತ್ತದೆ, ಹತ್ತಿರದ ಕಂಬಿ ಮುರಿದಂತೆ ಕಾಣುತ್ತದೆ. ನಿಜವಾದ ತೊಡಕು ನೀರಿನದು. ಎರಡು ಚಿತ್ರಗಳ ನಡುವೆ ಅಲೆ ಬದಲಾಗಿರುತ್ತದೆ, ಚಲಿಸುವ ದೋಣಿ ಎರಡು ಕಡೆ ಮೂಡುತ್ತದೆ. ಆದ್ದರಿಂದ ಹೊಲಿಗೆಯನ್ನು ಬಂಡೆಯ ಅಂಚಿಗೋ ಮರದ ನೆರಳಿಗೋ ತರುವುದು ಲೇಸು.