ಮುಳಿಹುಲ್ಲು, ಹಂಚು, ಟೆರೇಸು: ನಮ್ಮ ಮಾಡುಗಳ ಚರಿತ್ರೆ, ಮಳೆಗಾಲಕ್ಕೆ ಮೊದಲಿನ ಕೆಲಸ

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಊರುಗಳಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬರುತ್ತದೆ. ಸಾವಿರ ಚದರ ಅಡಿಯ ಒಂದು ಮನೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಮೂರು ಲಕ್ಷ ಲೀಟರಿಗಿಂತ ಜಾಸ್ತಿ ನೀರು ಮಾಡಿನ ಮೇಲೆ ಬೀಳುತ್ತದೆ. ಹಾಗಾಗಿ ನಮ್ಮಲ್ಲಿ ಮನೆಯ ಚರಿತ್ರೆ ಅಂದರೆ ಮುಖ್ಯವಾಗಿ ಮಾಡಿನ ಚರಿತ್ರೆ. ಕಳೆದ ನೂರೈವತ್ತು ವರ್ಷಗಳಲ್ಲಿ ನಮ್ಮ ಮಾಡು ಎರಡು ಸಲ ಬದಲಾಯಿತು. ಪ್ರತಿ ಸಲವೂ ಮಳೆಗಾಲಕ್ಕೆ ಮೊದಲು ಮನೆಯವರು ಮಾಡಬೇಕಾದ ಕೆಲಸ ಬದಲಾಯಿತು. ಆದರೆ ಕೆಲಸವೇ ಇಲ್ಲದ ಮಾಡು ಮಾತ್ರ ಯಾವತ್ತೂ ಬರಲಿಲ್ಲ. ಇದನ್ನು ಮರೆತದ್ದರಿಂದ ಈಗ ಎಷ್ಟೋ ಹಿರಿಯರ ಮನೆಗಳು ಬೀಳುತ್ತಿವೆ.

ಮೊದಲು ಇದ್ದದ್ದು ಹುಲ್ಲಿನ ಮಾಡು. ಗುಡ್ಡದ ಮುಳಿಹುಲ್ಲು, ಬೈಹುಲ್ಲು, ಹೆಣೆದ ತೆಂಗಿನ ಮಡಲು, ಯಾರಿಗೆ ಯಾವುದು ಸಿಗುತ್ತದೋ ಅದು. ಮಳೆ, ಬಿಸಿಲು ತಿಂದು ಅದು ಕೊಳೆಯುತ್ತದೆ. ಹಾಗಾಗಿ ಮಡಲಿನ ಮಾಡನ್ನು ವರ್ಷ ವರ್ಷ ಹೊಸದಾಗಿ ಹೊದೆಸಲೇಬೇಕಿತ್ತು. ಬೇಸಗೆಯಲ್ಲಿ ನೆರೆಕರೆಯವರು ಒಟ್ಟು ಸೇರಿ ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಕೆಲಸ ಮುಗಿಸುತ್ತಿದ್ದರು. ಒಲೆಯ ಒಂದು ಕಿಡಿ ಹಾರಿದರೆ ಇಡೀ ಮನೆ ಬೂದಿ, ಗಾಳಿ ಇದ್ದರೆ ಪಕ್ಕದ ಮನೆಯೂ ಬೂದಿ. ಉಳ್ಳವರ ಮನೆಗಳಿಗೆ ಮುರಕಲ್ಲಿನ ಗೋಡೆ, ಕೆಲವಕ್ಕೆ ನಾಡಹಂಚು. ಕರಾವಳಿಯ ಹಳೆ ಮಸೀದಿಗಳನ್ನು ನೋಡಿ, ಮಿನಾರ ಗುಂಬಜಗಳಿಗಿಂತ ಮೊದಲು ಅವಕ್ಕೂ ಇದ್ದದ್ದು ಮರದ ಪಕ್ಕಾಸಿನ ಮೇಲೆ ಕಡಿದಾಗಿ ಇಳಿಯುವ ಮಾಡೇ. ನೀರನ್ನು ನಿಲ್ಲಲು ಬಿಡದೆ ಬೇಗ ಕೆಳಗಿಳಿಸಬೇಕು ಎಂಬುದು ಇಲ್ಲಿ ಎಲ್ಲರಿಗೂ ಒಂದೇ ಪಾಠ.

ಎರಡನೆಯ ಮಾಡು ಮಂಗಳೂರಿನಿಂದ ಬಂತು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್, ಮುದ್ರಣ, ನೇಯ್ಗೆಯಂಥ ಉದ್ಯೋಗಗಳನ್ನು ಶುರು ಮಾಡಿತ್ತು. ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದು ಇದೇ ಮಿಷನ್ನಿನ ಮುದ್ರಣಾಲಯದಿಂದ. ಯಂತ್ರದ ಕೆಲಸ ಬಲ್ಲ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ನೇತ್ರಾವತಿ ಬದಿಯ ಆವೆಮಣ್ಣಿನಲ್ಲಿ ಪ್ರಯೋಗ ಮಾಡಿದರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಹಂಚಿನ ವಿನ್ಯಾಸ ಮಾತ್ರ ಅದಕ್ಕೂ ಹಳೆಯದು. ಒಂದರೊಳಗೊಂದು ಕೂರುವ ಇಂಥ ಹಂಚಿಗೆ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ಅಲ್ಲಿನ ಹಂಚು ನಮ್ಮ ಹೊಳೆಯ ಮಣ್ಣಿನಲ್ಲಿ ಬೆಂದು 'ಮಂಗಳೂರು ಹಂಚು' ಆಯಿತು. ನಾವು ಅದನ್ನು ಓಡು ಎನ್ನುತ್ತೇವೆ.

ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನ ಕಣ್ಣಿಗೆ ಈ ಹಂಚು ಒಂದು ಚಂದದ ಯಂತ್ರಭಾಗ. ಬದಿಯಲ್ಲಿ ಒಂದಕ್ಕೆ ಏಣು, ಪಕ್ಕದ್ದಕ್ಕೆ ಅದು ಕೂರುವ ಗೆರೆ. ಗಾಳಿ ತಳ್ಳಿದ ನೀರು ಆ ಗೆರೆಯೊಳಗೆ ಸಿಕ್ಕಿ ಕೆಳಗಿನ ಹಂಚಿನ ಮೇಲೆ ಇಳಿಯುತ್ತದೆ, ಒಳಗೆ ಬರುವುದಿಲ್ಲ. ಹಿಂಬದಿಯ ಗಂಟು ರೀಪಿಗೆ ಕೊಕ್ಕೆಯಂತೆ ಕೂರುತ್ತದೆ, ಮೊಳೆ ಬೇಡ. ಹಾಗಾಗಿ ಒಡೆದ ಒಂದೇ ಹಂಚನ್ನು, ಅಕ್ಕಪಕ್ಕದವನ್ನು ಸ್ವಲ್ಪ ಎತ್ತಿ, ತೆಗೆದು ಬದಲಿಸಬಹುದು. ತೂಕವೂ ಕಡಿಮೆ. ಸಾವಿರ ಚದರ ಅಡಿಯ ಮನೆಗೆ ಸುಮಾರು 1600 ಹಂಚು, ಒಂದಕ್ಕೆ ಎರಡೂವರೆ ಕಿಲೋ ಹಿಡಿದರೆ ಒಟ್ಟು ನಾಲ್ಕು ಟನ್. ಅದೇ ಜಾಗಕ್ಕೆ ನಾಲ್ಕು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಹಾಕಿದರೆ ಇಪ್ಪತ್ತಮೂರು ಟನ್ ಆಗುತ್ತದೆ.

ಮಿಷನ್ನಿನ ಹಿಂದೆಯೇ ಬೇರೆಯವರ ಕಾರ್ಖಾನೆಗಳೂ ಎದ್ದವು. ಮಂಜಿ, ಪಾತೆಮಾರಿಗಳಲ್ಲಿ ಹಂಚು ಮುಂಬಯಿಗೆ, ಕೊಲಂಬೊಗೆ, ಪೂರ್ವ ಆಫ್ರಿಕಾಕ್ಕೆ ಹೋಯಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಒಳನಾಡಿಗೂ ಹೋಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನರನ್ನು ಬಂಧಿಸಿದಾಗ ಮಿಷನ್ನಿನ ಕಾರ್ಖಾನೆಗಳು ಕೈ ತಪ್ಪಿದವು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಅವನ್ನು ನಡೆಸಿತು. ಹಂಚು ಮಾತ್ರ ನಿಲ್ಲಲಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ಕಚೇರಿ ಬದಲಾಯಿತು, ಮಾಡಿನ ಹಂಚು ಮಂಗಳೂರಿನದ್ದೇ ಉಳಿಯಿತು.

ಆದರೆ ಹಂಚಿನ ಮಾಡು ಎಲ್ಲರಿಗೂ ಒಂದೇ ಕಾಲಕ್ಕೆ ಸಿಕ್ಕಿತು ಎಂದುಕೊಳ್ಳಬೇಡಿ. ಇನ್ನೊಬ್ಬರ ನೆಲದಲ್ಲಿ, ಯಾವಾಗ ಎಬ್ಬಿಸುತ್ತಾರೋ ಗೊತ್ತಿಲ್ಲದೆ ಕುಳಿತವರು ಪಕ್ಕಾಸು, ರೀಪು, ಹಂಚಿಗೆ ದುಡ್ಡು ಹಾಕುವುದು ಹೇಗೆ? ಕೇರಳದ ಭೂಸುಧಾರಣೆ ತಿದ್ದುಪಡಿ ಕಾನೂನು 1970ರ ಜನವರಿ 1ರಿಂದ ಜಾರಿಗೆ ಬಂತು. ಕುಡಿಕಿಡಪ್ಪುಕಾರರಿಗೆ, ಅಂದರೆ ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ, ಪಂಚಾಯತ್ ಪ್ರದೇಶದಲ್ಲಿ ಹತ್ತು ಸೆಂಟ್ಸ್‌ವರೆಗೆ ಸ್ವಂತ ಮಾಡಿಕೊಳ್ಳುವ ಹಕ್ಕು ಸಿಕ್ಕಿತು. ನೆಲ ತನ್ನದಾದ ಮೇಲೆ ಗಟ್ಟಿ ಮಾಡಿನ ಯೋಚನೆ ಬಂತು. ನಮ್ಮಲ್ಲಿ ಎಷ್ಟೋ ಮನೆಗಳ ಹುಲ್ಲಿನ ಮಾಡು ಹೋದದ್ದು ಆಮೇಲೆಯೇ.

ಹಂಚು ಬಂದಾಗ ವಾರ್ಷಿಕ ಕೆಲಸ ಕಡಿಮೆಯಾಯಿತು, ಮುಗಿಯಲಿಲ್ಲ. ಮಾರ್ಚ್, ಎಪ್ರಿಲ್ ತಿಂಗಳಲ್ಲಿ ಒಬ್ಬರು ಮಾಡಿಗೆ ಹತ್ತಿ, ಇನ್ನೊಬ್ಬರು ಕೆಳಗಿನಿಂದ ಹಂಚು ಕೊಡುತ್ತಾ ಕೆಲಸ ನಡೆಯುತ್ತಿತ್ತು. ಒಣ ಎಲೆ, ಪಾಚಿ ಗುಡಿಸಬೇಕು. ಎರಡು ಮಾಡು ಸೇರುವಲ್ಲಿರುವ ತಗಡಿನ ದೋಣಿ ತೂತಾಗಿದೆಯಾ ನೋಡಬೇಕು. ಮನೆ ಸೋರುವುದು ಹೆಚ್ಚಾಗಿ ಅಲ್ಲೇ. ಹಂಚನ್ನು ಬೆರಳಿನಿಂದ ತಟ್ಟಿದರೆ ಗಣ್ ಎನ್ನಬೇಕು, ಮಂಕಾದ ಸದ್ದು ಬಂದರೆ ಅದರಲ್ಲಿ ಬಿರುಕಿದೆ. ಹಂಚಿನ ಮೇಲೆ ನೇರ ಕಾಲಿಡದೆ ಏಣಿ ಅಥವಾ ಹಲಗೆ ಮಲಗಿಸಿ, ಭಾರ ಹಂಚಿಹೋಗುವಂತೆ ನಡೆಯಬೇಕು.

ಇಲ್ಲೊಂದು ಚರಿತ್ರೆಯ ವಿಷಯ ಈಗಲೂ ಉಪಯೋಗಕ್ಕೆ ಬರುತ್ತದೆ. ಹಂಚಿನ ಮೇಲೆ ಒತ್ತಿದ ಇಂಗ್ಲಿಷ್ ಅಕ್ಷರ ಓದಿ. ಅದು ಕಾರ್ಖಾನೆಯ ಹೆಸರು. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ, ಅಳತೆಯಲ್ಲಿ ಸ್ವಲ್ಪ ಸ್ವಲ್ಪ ವ್ಯತ್ಯಾಸ ಇರುತ್ತದೆ. ಬದಲಿ ಹಂಚು ತರುವಾಗ ಒಡೆದ ಹಂಚನ್ನೇ ತೆಗೆದುಕೊಂಡು ಹೋಗಿ. ಹಳೆ ಮನೆ ಕೆಡವಿದ ಹಂಚು ಮಾರುವವರಲ್ಲಿ ಅದೇ ಹೆಸರಿನದ್ದು ಹೆಚ್ಚಾಗಿ ಸಿಗುತ್ತದೆ. ಇನ್ನೊಂದು ಮಾತು, ಹಂಚಿನ ಮೇಲೆ 1865 ಎಂದಿದ್ದರೆ ನಿಮ್ಮ ಮನೆ ಅಷ್ಟು ಹಳೆಯದು ಎಂದು ಲೆಕ್ಕ ಹಾಕಬೇಡಿ. ಕಾರ್ಖಾನೆ ಶುರುವಾದ ವರ್ಷವನ್ನೇ ಅಚ್ಚಿನಲ್ಲಿ ಇಟ್ಟುಕೊಳ್ಳುವ ರೂಢಿ ಇತ್ತು.

ಮಾಡಿನ ಮರವನ್ನು ಕಾಪಾಡಿದ್ದು ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ವಸ್ತು, ಅಡುಗೆಮನೆಯ ಹೊಗೆ. ದಿನಾ ಉರಿಯುವ ಒಲೆಯ ಹೊಗೆ ಪಕ್ಕಾಸಿಗೆ ಹಿಡಿದು ಮರ ಕಪ್ಪಾಗಿ ಒಣಗಿರುತ್ತಿತ್ತು, ಹುಳ ಬರುವುದು ಕಡಿಮೆ. ಗ್ಯಾಸ್ ಬಂದಾಗ ಉಮ್ಮಂದಿರ ಕಣ್ಣಿಗೆ, ಎದೆಗೆ ಸುಖವಾಯಿತು, ಆಗಲೇಬೇಕಿತ್ತು. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ನಾವು ಮಾಡಬೇಕು. ಕರಾವಳಿಯ ಹಳೆ ಮದ್ದು ಗೇರುಬೀಜದ ಸಿಪ್ಪೆಯ ಎಣ್ಣೆ. ಬೇಸಗೆಯಲ್ಲಿ ಮರ ಚೆನ್ನಾಗಿ ಒಣಗಿರುವಾಗ ಹಚ್ಚಬೇಕು. ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಗೋಡೆಯದ್ದೂ ಇದೇ ಕಥೆ. ಮುರಕಲ್ಲು ನೀರು ಎಳೆಯುತ್ತದೆ. ಚಿಪ್ಪಿಸುಣ್ಣ ಬಳಿದ ಗೋಡೆ ಎಳೆದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತಿತ್ತು. ಅದೇ ಗೋಡೆಗೆ ಈಗಿನ ಪ್ಲಾಸ್ಟಿಕ್ ಪೈಂಟ್ ಬಳಿದರೆ ನೀರು ಒಳಗೇ ಸಿಕ್ಕಿಬಿದ್ದು, ಪೈಂಟ್ ಗುಳ್ಳೆಯೆದ್ದು ಕಳಚುತ್ತದೆ.

ಮೂರನೆಯ ಮಾಡು ಕೊಲ್ಲಿಯ ದುಡ್ಡಿನಿಂದ ಬಂತು. 1970ರ ದಶಕದಿಂದ ನಮ್ಮವರು ದುಬೈ, ಸೌದಿಗೆ ಹೋಗಿ ದುಡಿದು ಮೊದಲು ಮಾಡಿದ್ದು ಮನೆ, ಅದೂ ಟೆರೇಸ್ ಮನೆ. ಟೆರೇಸ್ ಎಂದರೆ ಮರ್ಯಾದೆ, ಇನ್ನು ವರ್ಷ ವರ್ಷ ಮಾಡಿಗೆ ಹತ್ತುವ ಕೆಲಸ ಇಲ್ಲ ಎಂಬ ನೆಮ್ಮದಿ. ಅಂಗಡಿಯವರ ಮಕ್ಕಳಿಗೆ ಇಂಥ ಬದಲಾವಣೆ ಕಪಾಟಿನಲ್ಲಿ ಕಾಣುತ್ತದೆ. ಉಪ್ಪನ ಅಂಗಡಿಯಲ್ಲಿ ಮೇ ತಿಂಗಳಿಗೆಂದು ಮೊದಲು ತರಿಸುತ್ತಿದ್ದದ್ದು ಹಗ್ಗ, ತಟ್ಟಿ ಕಟ್ಟುವ ಸಾಮಾನು. ಆಮೇಲೆ ನೀಲಿ ಟರ್ಪಾಲು ಬಂತು. ಈಗ ಮೊದಲು ಖಾಲಿಯಾಗುವುದು ವಾಟರ್‌ಪ್ರೂಫ್ ಡಬ್ಬ. ಕೆಲಸ ಇಲ್ಲದ ಮಾಡಾಗಿದ್ದರೆ ಆ ಡಬ್ಬ ಯಾರಿಗೆ ಬೇಕಿತ್ತು?

ಸ್ಲ್ಯಾಬ್ ಯಾಕೆ ಸೋರುತ್ತದೆ? ಹತ್ತು ಮೀಟರ್ ಉದ್ದದ ಸ್ಲ್ಯಾಬ್‌ನ ಬಿಸಿ ಇಪ್ಪತ್ತು ಡಿಗ್ರಿ ಏರಿದರೆ ಅದು ಸುಮಾರು ಎರಡು ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ವರ್ಷಗಟ್ಟಲೆ ಇದು ನಡೆದು ಕೂದಲೆಳೆಯ ಬಿರುಕು ಬೀಳುತ್ತದೆ. ಹಂಚಿನ ಮಾಡಿನಲ್ಲಿ ನಿಲ್ಲದ ನೀರು ಇಲ್ಲಿ ನಿಂತು ಆ ಬಿರುಕಿಗೆ ಇಳಿಯುತ್ತದೆ. ಸಮುದ್ರದ ಉಪ್ಪುಗಾಳಿಯೂ ಸೇರಿ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಅದು ಉಬ್ಬಿ ಅಡಿಯ ಕಾಂಕ್ರೀಟನ್ನು ಉದುರಿಸುತ್ತದೆ. ಅದಕ್ಕೇ ಈಗ ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹಾಕುತ್ತಿದ್ದೇವೆ. ಉಪ್ಪಳದಿಂದ ಕಾಸರಗೋಡಿನವರೆಗೆ ರಸ್ತೆ ಬದಿ ನೋಡುತ್ತಾ ಹೋಗಿ, ಮನೆ ಮನೆಯ ನೆತ್ತಿಯಲ್ಲಿ ಇಳಿಜಾರು ಮಾಡು ಮತ್ತೆ ಬಂದಿದೆ. ಹಿರಿಯರು ಕಲಿತ ಪಾಠವನ್ನೇ ಎರಡನೆಯ ಸಲ ದುಡ್ಡು ಕೊಟ್ಟು ಕಲಿತಂತಾಯಿತು. ಆ ಶೀಟಿಗೂ ಕೆಲಸ ಇದೆ. ಮೇ ತಿಂಗಳಲ್ಲಿ ಬೋಲ್ಟ್, ರಬ್ಬರ್ ವಾಷರ್ ನೋಡದಿದ್ದರೆ ಜೂನಿನ ಗಾಳಿಗೆ ಶೀಟ್ ಪಕ್ಕದ ಮನೆಯ ಅಂಗಳದಲ್ಲಿರುತ್ತದೆ.

ಈಗ ಹಿರಿಯರ ಮನೆಗಳ ವಿಷಯ. ಹಂಚಿನ ಮನೆಗೆ ಬೀಗ ಹಾಕಿದರೆ ಅದು ತನ್ನಷ್ಟಕ್ಕೆ ಉಳಿಯುವುದಿಲ್ಲ. ಒಂದು ಹಂಚು ಜಾರಿದರೆ ರೀಪು ಒದ್ದೆ, ರೀಪು ಕುಂಬಾದರೆ ಒಂದು ಸಾಲು ಹಂಚು ಕೆಳಗೆ. ಆಮೇಲೆ ಪಕ್ಕಾಸು, ಆಮೇಲೆ ಗೋಡೆಯ ತಲೆಗೆ ನೀರು. ಕೆಲವೇ ಮಳೆಗಾಲಗಳಲ್ಲಿ ಮನೆ ಮುಗಿಯುತ್ತದೆ. ಕಾರಣ ಹತ್ತು ಹಂಚಿನ ಬೆಲೆ ಇಲ್ಲದ್ದಲ್ಲ. ಪಾಲು ಎಂಟು ಹತ್ತು ಜನರದ್ದು, ಏಣಿ ಹತ್ತಿಸುವ ಜವಾಬ್ದಾರಿ ಯಾರದ್ದೂ ಅಲ್ಲ. ಮತ್ತೊಂದು ಕಾರಣ, ಕೊಲ್ಲಿಯಲ್ಲಿರುವ ಕುಟುಂಬಗಳು ಮಕ್ಕಳ ಶಾಲೆಯ ರಜೆಯೆಂದು ಬರುವುದು ಜುಲೈ, ಆಗಸ್ಟ್‌ನಲ್ಲಿ. ಆಗ ಗೋಡೆಯಲ್ಲಿ ಪಾಚಿ, ನೆಲದಲ್ಲಿ ಬಕೆಟ್ಟು, ಒಳಗೆ ಮುಗ್ಗು ವಾಸನೆ. ವರ್ಷದಲ್ಲೇ ಅತಿ ಕೆಟ್ಟದಾಗಿ ಕಾಣುವ ತಿಂಗಳಲ್ಲಿ ಮನೆ ನೋಡಿ 'ಕೆಡವಿಬಿಡೋಣ' ಎಂದು ತೀರ್ಮಾನವಾಗುತ್ತದೆ.

ಇದಕ್ಕೆ ಮಾಡಬಹುದಾದದ್ದು ದೊಡ್ಡದೇನಲ್ಲ. ಪಾಲುದಾರರೆಲ್ಲ ಸೇರಿ ವರ್ಷಕ್ಕೆ ಇಷ್ಟು ಎಂದು ಮಾಡಿನ ಲೆಕ್ಕಕ್ಕೆ ತೆಗೆದಿಡಿ, ಊರಲ್ಲಿರುವ ಒಬ್ಬರಿಗೆ ಜವಾಬ್ದಾರಿ ಕೊಡಿ. ಫೆಬ್ರವರಿಯಲ್ಲಿ ಅಟ್ಟಕ್ಕೆ ಹತ್ತಿ, ದೀಪ ಆರಿಸಿ, ಎಲ್ಲೆಲ್ಲಿ ಬೆಳಕು ತೂರುತ್ತದೆ ಎಂದು ಗುರುತು ಮಾಡಿ. ಬೆಳಕು ಬರುವಲ್ಲೆಲ್ಲ ನೀರೂ ಬರುತ್ತದೆ. ಮಾರ್ಚ್‌ನಲ್ಲಿ ಮರಕ್ಕೆ ಎಣ್ಣೆ, ಎಪ್ರಿಲ್‌ನಲ್ಲಿ ಹಂಚು, ತಗಡಿನ ದೋಣಿ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24ರ ಸುಮಾರಿಗೆ, ಮಾಡಿನ ಮೇಲಿನ ಕೆಲಸ ಮುಗಿದಿರಲಿ. ಅಲ್ಲಿಂದ ಹತ್ತು ಹದಿನೈದು ದಿನಕ್ಕೆ ಮಳೆ ಹಿಡಿಯುತ್ತದೆ. ಮೇಲಿಂದ ತೆಗೆದ ಹಂಚಿನಲ್ಲಿ ಒಡೆಯದ ಹತ್ತಿಪ್ಪತ್ತನ್ನು ಕೊಟ್ಟಿಗೆಯ ಮೂಲೆಯಲ್ಲಿ ಜೋಡಿಸಿಡಿ. ಮಂಗಳೂರಿನ ಹಲವು ಹಂಚಿನ ಕಾರ್ಖಾನೆಗಳು ಮುಚ್ಚಿವೆ, ನಿಮ್ಮ ಮಾಡಿಗೆ ಸರಿ ಕೂರುವ ಹಂಚನ್ನು ಇನ್ನು ಹೊಸದಾಗಿ ಸುಡುವವರು ಇಲ್ಲದಿರಬಹುದು.